ಹಿಮವ್ವನ ಎದೆಬಡಿತ

ಹಿಮವ್ವ ಹಿಮಾಲಯ ದಾಟಿದ ಬೆಳಿಗ್ಗೆ ಗೌರವ್ವ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಉಬ್ಬುತ್ತಿತ್ತು. ಸೀರೆಯ ಮೇಲೆಯೇ ಎದೆಗೆ ಸುತ್ತಿಕೊಂಡಿದ್ದ ಅಗಲವಾದ ಪಟ್ಟಿ ಒಮ್ಮೆಲೇ ಜೋರಾಗಿ ಮಿಡಿಯತೊಡಗಿದಾಗ ಅವಳ ಕೈ ನಿಂತುಹೋಯಿತು.

"ಇಂದೂ, ಲಗೂನ ಬಾ ಇಲ್ಲೆ! ಇಕಿ ಮ್ಯಾಲ ಏರಾಕ ಹತ್ಯಾಳ."

ಹಲ್ಲುಜ್ಜುತ್ತಿದ್ದ ಸೊಸೆ ಇಂದುಮತಿ ಹಾಗೆಯೇ ಓಡಿಬಂದಳು. ಆ ಪಟ್ಟಿಯನ್ನು ಮಾಡಿದವಳು ಅವಳೇ. ಆದರೂ ಅದು ಹೇಳುತ್ತಿದ್ದ ಸುದ್ದಿಯನ್ನು ಅತ್ತೆಯ ಬಾಯಿಂದ ಕೇಳುವುದೆಂದರೆ ಅವಳಿಗೆ ಇಷ್ಟ.

"ಹೆಂಗನಸ್ತೈತಿ ಅತ್ತಿ?"

"ಹೆಂಗಂತ ಹೇಳ್ಲಿ? ಎದಿ ಡಬಡಬ ಹೊಡಕೊಳ್ಳಾಕ ಹತ್ತೈತಿ, ಆದ್ರ ಇದು ಅಂಜಿಕಿ ಅಲ್ಲ. ತುಂಬಿದ ಕೊಡ ಹೊತಗೊಂಡು ಗುಡ್ಡ ಏರಿದಂಗ. ಉಸಿರು ಸಾಲವಲ್ದು. ಆದ್ರೂ ರೆಕ್ಕಿ ನಿಲ್ಲವಲ್ವು." ಗೌರವ್ವ ಕಣ್ಣು ಮುಚ್ಚಿ ಹಿಟ್ಟಿನ ಕೈಗಳನ್ನು ಗಾಳಿಯಲ್ಲೇ ಹಿಡಿದು ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಭುಜಗಳು ತಾವಾಗಿಯೇ ಸಡಿಲಗೊಂಡವು. "ಹಾಂ... ಗಾಳಿ ಎತಗೊಂತು ನೋಡು. ತಳಗ ಹಿಡದು ಎತ್ತಿದಂಗ ಎತಗೊಂತು. ಯವ್ವಾ, ಇಷ್ಟ ಹಗುರ ನಾ ಹುಟ್ಟಿದಾಗಿಂದ ಆಗಿದ್ದಿಲ್ಲ."

ಹಂಚಿನ ಮೇಲೆ ರೊಟ್ಟಿ ಕರಕಲಾಯಿತು. ಇಬ್ಬರೂ ಅದನ್ನು ನೋಡಲಿಲ್ಲ.

ಮನುಷ್ಯನಿಗೆ ಹಕ್ಕಿಯ ಹಾರಾಟವನ್ನು ಹೊರಗಿನಿಂದ ನೋಡಿ ಮಾತ್ರ ಗೊತ್ತು. ಒಳಗಿನಿಂದ ಅದು ಹೇಗಿರುತ್ತದೆ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಇಂದುಮತಿ ಹಳ್ಳಿಕೇರಿ ತನ್ನ ಅರ್ಧ ಆಯುಷ್ಯ ಕಳೆದಿದ್ದಳು. ಕಡ್ಲಿಗೇರಿಯ ದೊಡ್ಡ ಕೆರೆಗೆ ಪ್ರತಿ ಚಳಿಗಾಲ ಮಂಗೋಲಿಯಾದ ಸರೋವರಗಳಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಗೀರುಗಳಿರುವ ಈ ಬಾತುಗಳು ಹಿಮಾಲಯವನ್ನೇ ದಾಟಿಕೊಂಡು ಬರುವಂಥವು. ಅಂಥ ಕೆಲವು ಹಕ್ಕಿಗಳ ಕತ್ತಿನ ಹಿಂಭಾಗದ ಗರಿಗಳ ನಡುವೆ ಜೋಳದ ಕಾಳಿನಷ್ಟು ಚಿಕ್ಕ ಸಾಧನವನ್ನು ಅವಳ ತಂಡ ಅಂಟಿಸಿತ್ತು. ಹಕ್ಕಿಯ ಎದೆಬಡಿತ, ರೆಕ್ಕೆಯ ಸ್ನಾಯುಗಳ ಸೆಳೆತ, ಮೆದುಳಿನ ಸಣ್ಣ ವಿದ್ಯುತ್ ಅಲೆಗಳು, ಸುತ್ತಲಿನ ಗಾಳಿಯ ಒತ್ತಡ ಇವನ್ನೆಲ್ಲ ಅದು ಗ್ರಹಿಸಿ ಉಪಗ್ರಹಕ್ಕೆ ಕಳಿಸುತ್ತಿತ್ತು. ಕೆಲವು ವರ್ಷಗಳಲ್ಲಿ ಅಂಟು ಸವೆದ ಮೇಲೆ ತಾನಾಗಿಯೇ ಕಳಚಿ ಬೀಳುತ್ತಿತ್ತು. ಇತ್ತ ಎದೆಪಟ್ಟಿಯೊಳಗಿನ ನೂರಾರು ಚಿಕ್ಕ ಬಿಂದುಗಳು ಆ ಸಂಕೇತಗಳನ್ನು ಮನುಷ್ಯನ ಚರ್ಮಕ್ಕೆ ತಿಳಿಯುವ ಒತ್ತು, ಮಿಡಿತ, ಕಾವುಗಳನ್ನಾಗಿ ಬದಲಿಸುತ್ತಿದ್ದವು. ಹಕ್ಕಿಯ ಎದೆ ಮನುಷ್ಯನ ಎದೆಗಿಂತ ಎಷ್ಟೋ ವೇಗವಾಗಿ ಬಡಿಯುತ್ತದೆ. ಅದನ್ನು ನಮ್ಮ ಅಳತೆಗೆ ಇಳಿಸಿ ಕೊಡುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ಆ ಲೆಕ್ಕವನ್ನು ಬಿಡಿಸಿದವಳು ತಂಡದ ಎಂಜಿನಿಯರ್ ರುಕ್ಮಿಣಿ ಪವಾರ.

ಪಟ್ಟಿ ಅಗ್ಗವಾಗಿತ್ತು. ಮೊದಲ ವರ್ಷ ಶಾಲೆಗಳು ಕೊಂಡವು, ಆಮೇಲೆ ಮನೆಮನೆಗೂ ಬಂತು. ಜನರಿಗೆಂದು ಬಿಟ್ಟಿದ್ದು ಒಂದೇ ಹೆಣ್ಣು ಹಕ್ಕಿಯ ಸಂಕೇತ. ಕಡ್ಲಿಗೇರಿಯ ಶಾಲೆಯ ಮಕ್ಕಳು ಅದಕ್ಕೆ ಹಿಮವ್ವ ಎಂದು ಹೆಸರಿಟ್ಟರು. ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರಿಗೂ ಅವಳು ಹಿಮವ್ವನೇ ಆದಳು. ಬಸ್ ಕಂಡಕ್ಟರುಗಳು ಅಂಗಿಯೊಳಗೆ ಪಟ್ಟಿ ಕಟ್ಟಿಕೊಂಡರು. ಹೆರಿಗೆ ವಾರ್ಡಿನಲ್ಲಿ ನೋವು ತಿನ್ನುತ್ತಿದ್ದ ಹೆಂಗಸರು ಅವಳ ರೆಕ್ಕೆಬಡಿತಕ್ಕೆ ತಮ್ಮ ಉಸಿರನ್ನು ಹೊಂದಿಸಿಕೊಂಡರು.

ಹಿಮವ್ವ ಕಡ್ಲಿಗೇರಿ ಕೆರೆಗೆ ಇಳಿದ ದಿನ ಏರಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಶಾಲೆಯ ಮಾಸ್ತರ ಚನ್ನವೀರ ಕುರುಗೋಡ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದ. ಹಕ್ಕಿಗಳ ಹಿಂಡು ಆಕಾಶದಲ್ಲಿ ಬಾಗಿದ ಗೆರೆಯಾಗಿ ಕಾಣಿಸಿ, ಮುರಿದು, ಉದುರುವ ಎಲೆಗಳಂತೆ ಹೊರಳುತ್ತ ನೀರಿಗೆ ಇಳಿಯಿತು. ಪಾದಗಳು ನೀರು ಮುಟ್ಟಿದ ಗಳಿಗೆಯಲ್ಲಿ ಪಟ್ಟಿ ಕಟ್ಟಿದ್ದವರ ಎದೆಯಲ್ಲಿ ಏನೋ ತಣ್ಣಗೆ ಬಿಚ್ಚಿಕೊಂಡಿತು. ಮಾಸ್ತರ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

ಹಕ್ಕಿಗಳದ್ದು ತಮ್ಮದೇ ದಿನಚರಿ. ಸಂಜೆಯಾದರೆ ಸುತ್ತಲಿನ ಕಡಲೆ ಹೊಲಗಳಿಗೆ ಮೇಯಲು ಹೋಗುತ್ತಿದ್ದವು. ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಮರಳಿ ಬಂದು ಹಗಲೆಲ್ಲ ಕೆರೆಯ ನಡುವೆ ವಿಶ್ರಮಿಸುತ್ತಿದ್ದವು. ಅಂಥದೇ ಒಂದು ಬೆಳಿಗ್ಗೆ ಹಿಂಡು ನೀರಿಗೆ ಇಳಿಯುವಾಗ ಗುಂಡು ಹಾರಿತು.

ಗೌರವ್ವ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಎದೆಗೆ ಯಾರೋ ಗುದ್ದಿದಂತಾಗಿ ಗೋಡೆ ಹಿಡಿದು ಕುಸಿದಳು. ಪಟ್ಟಿಯ ಮಿಡಿತ ಹುಚ್ಚಾಪಟ್ಟೆ ಏರಿತು, ಎಡವಿತು, ಮತ್ತೆ ಏರಿತು. ಆಮೇಲೆ ಒಂದೊಂದು ಬಡಿತದ ನಡುವಿನ ಅಂತರ ದೊಡ್ಡದಾಗುತ್ತ ಹೋಯಿತು. ಮುಂದಿನ ಬಡಿತಕ್ಕಾಗಿ ಅವಳು ಕಾದಳು. ಅದು ಬರಲಿಲ್ಲ.

"ಇಂದೂ," ಎಂದಳು ಬಹಳ ಮೆಲ್ಲಗೆ, "ಪಟ್ಟಿ ಕೆಟ್ಟೈತೇನ ನೋಡು."

ಪಟ್ಟಿ ಕೆಟ್ಟಿರಲಿಲ್ಲ. ಅದೇ ಗಳಿಗೆಯಲ್ಲಿ ಬಸ್ಸುಗಳು ರಸ್ತೆಯ ಬದಿಗೆ ನಿಂತಿದ್ದವು, ಶಾಲೆಗಳಲ್ಲಿ ಮಕ್ಕಳು ಎದೆ ಹಿಡಿದುಕೊಂಡು ಅಳುತ್ತಿದ್ದರು. ಒಂದು ಹಕ್ಕಿಯ ಸಾವನ್ನು ಒಂದು ನಾಡು ಮೈಮೇಲೆ ಅನುಭವಿಸಿದ್ದು ಅದೇ ಮೊದಲು.

ಆ ಹಿಂಡಿನ ಇನ್ನೂ ಹಲವು ಹಕ್ಕಿಗಳು ಸತ್ತಿದ್ದವು. ನೀರಿನ ಮೇಲೆ ಗರಿಗಳು ತೇಲುತ್ತಿದ್ದ ದೃಶ್ಯವನ್ನು ಟಿವಿಗಳು ಇಡೀ ದಿನ ತೋರಿಸಿದವು. ಗದಗ, ಹುಬ್ಬಳ್ಳಿಗಳಲ್ಲಿ ಅಂಗಡಿಗಳು ಮುಚ್ಚಿದವು. ಬೆಂಗಳೂರಿನಲ್ಲಿ ಜನ ಸಾಲುಸಾಲಾಗಿ ಬೀದಿಗಿಳಿದರು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಯಾರು ಹೊಡೆದರು? ಉತ್ತರ ಗೊತ್ತಿಲ್ಲದಿದ್ದರೂ ಸಂಜೆಯ ಹೊತ್ತಿಗೆ ಒಂದು ಉತ್ತರ ಊರೆಲ್ಲ ಓಡಾಡತೊಡಗಿತು. ಕೆರೆಯ ಏರಿ ಮುಗಿಯುವಲ್ಲಿ ಶಿಕಾರಿ ಓಣಿ ಇದೆ. ಅಲ್ಲಿಯವರ ಹಿರಿಯರು ಒಂದು ಕಾಲಕ್ಕೆ ಬೇಟೆಯಾಡಿ ಬದುಕಿದವರು. ಈಗಿನವರು ಬಾಚಣಿಕೆ, ಬಳೆ, ಪ್ಲಾಸ್ಟಿಕ್ ಹೂ ಮಾರುತ್ತಾರೆ. ಆದರೆ ಓಣಿಗೆ ಅಂಟಿದ ಹೆಸರು ಬದಲಾಗಿರಲಿಲ್ಲ.

ರುಕ್ಮಿಣಿ ಹುಟ್ಟಿ ಬೆಳೆದದ್ದು ಅದೇ ಓಣಿಯಲ್ಲಿ.

ಮರುದಿನ ಬೆಳಿಗ್ಗೆ ಇಂದುಮತಿ ಸಂಶೋಧನಾ ಕೇಂದ್ರಕ್ಕೆ ಬಂದಾಗ ರುಕ್ಮಿಣಿ ಆಗಲೇ ಪರದೆಯ ಮುಂದಿದ್ದಳು. ನೀರಾವರಿ ಇಲಾಖೆಯವರು ಬಿಟ್ಟುಹೋದ ಹಳೆಯ ಕಟ್ಟಡವೇ ಅವರ ಪ್ರಯೋಗಾಲಯ. ಕಿಟಕಿಯಿಂದ ಕೆರೆ ಪೂರ್ತಿ ಕಾಣುತ್ತಿತ್ತು. ಚದುರಿದ್ದ ಹಿಂಡು ಹೋಗಲು ಬೇರೆ ನೀರಿಲ್ಲದೆ ಮರಳಿ ಬಂದು, ಕೆರೆಯ ನಟ್ಟನಡುವೆ ಒಂದಕ್ಕೊಂದು ಒತ್ತಿಕೊಂಡು ನಿಂತಿತ್ತು.

"ನಮ್ಮವ್ವ ಫೋನ್ ಮಾಡಿದ್ಳು ಮೇಡಂ," ಎಂದಳು ರುಕ್ಮಿಣಿ ತಲೆಯೆತ್ತದೆ. "ಓಣಿ ಮಂದಿ ಬಾಗಲಾ ಹಾಕ್ಕೊಂಡು ಒಳಗ ಕುಂತಾರಂತ. ನಿನ್ನಿ ಕಲ್ಲು ಬಿದ್ದಾವಂತ. ಇವತ್ತ ಊರ ಮಂದಿ ಮೆರವಣಗಿ ತಗೊಂಡು ಬರ್ತಾರಂತ."

"ನೀ ಮನಿಗೆ ಹೋಗು ರುಕ್ಮಿಣಿ. ಅವ್ವನ ಕರಕೊಂಡು ನಮ್ಮ ಮನಿಗೆ ಬಂದಬಿಡು."

"ಒಬ್ಬಾಕಿನ್ನ ಕರಕೊಂಡು ಬಂದ್ರ ಉಳದವ್ರು? ನನಗ ಬ್ಯಾರೆ ಕೆಲಸ ಐತಿ. ಗುಂಡು ಎಲ್ಲಿಂದ ಬಂತು ಅಂತ ಹೇಳವ್ರು ಇದ್ದಾರ ಮೇಡಂ. ಅವ್ರನ್ನ ಯಾರೂ ಕೇಳಿಲ್ಲ ಅಷ್ಟ." ಅವಳು ಕಿಟಕಿಯತ್ತ ಕೈ ಮಾಡಿದಳು. "ಬಾತುಗಳನ್ನ ಕೇಳೂಣು."

ಇಂದುಮತಿಗೆ ತಟ್ಟನೆ ಹೊಳೆಯಿತು. ಹಕ್ಕಿ ಎಷ್ಟು ಎತ್ತರದಲ್ಲಿದೆ ಎಂದು ತಿಳಿಯಲು ಪ್ರತಿ ಸಾಧನದಲ್ಲೂ ಗಾಳಿಯ ಒತ್ತಡ ಅಳೆಯುವ ಭಾಗವಿತ್ತು. ಬಂದೂಕಿನ ಸದ್ದು ಎಂದರೂ ಗಾಳಿಯಲ್ಲಿ ಓಡುವ ಒತ್ತಡದ ಅಲೆಯೇ. ನಿನ್ನೆ ಆ ಹಿಂಡಿನಲ್ಲಿ ಸಾಧನ ಹೊತ್ತ ಎಲ್ಲ ಹಕ್ಕಿಗಳಿಗೂ ಆ ಅಲೆ ತಾಗಿತ್ತು. ಬಂದೂಕಿಗೆ ಹತ್ತಿರವಿದ್ದ ಹಕ್ಕಿಗೆ ಮೊದಲು, ದೂರವಿದ್ದದ್ದಕ್ಕೆ ಆಮೇಲೆ. ಅಂತರ ಕಣ್ಣು ಮಿಟುಕಿಸುವಷ್ಟೂ ಇರಲಿಲ್ಲ. ಆದರೆ ಎಲ್ಲ ಸಾಧನಗಳೂ ಉಪಗ್ರಹದ ಒಂದೇ ಗಡಿಯಾರಕ್ಕೆ ಹೊಂದಿಕೊಂಡಿದ್ದವು. ಆ ಸಣ್ಣ ಅಂತರಗಳನ್ನು ಹಿಡಿದು ಹಿಂದಕ್ಕೆ ಹೋದರೆ ಸದ್ದು ಹುಟ್ಟಿದ ಜಾಗ ಸಿಗಲೇಬೇಕು.

ಇಬ್ಬರೂ ಕುಳಿತು ಲೆಕ್ಕ ಮಾಡಿದರು. ಪರದೆಯ ಮೇಲೆ ಕೆರೆಯ ನಕ್ಷೆ ಇತ್ತು. ಒಂದೊಂದು ಜೋಡಿ ಹಕ್ಕಿಗೂ ಒಂದೊಂದು ಬಾಗಿದ ಗೆರೆ ನಕ್ಷೆಯ ಮೇಲೆ ಮೂಡಿತು. ಗೆರೆಗಳು ಒಂದರ ಮೇಲೊಂದು ಹಾಯ್ದು ಒಂದು ಕಡೆ ಗಂಟು ಬಿದ್ದವು. ಅದು ಏರಿಯ ತುದಿಯ ಓಣಿಯಾಗಿರಲಿಲ್ಲ. ಕೆರೆಯ ಆಚೆ ದಂಡೆಯಲ್ಲಿ, ಪಟ್ಟಣದವರು ವಾರಾಂತ್ಯದ ಮೋಜಿಗೆ ಬರುವ ತೋಟದ ಬಂಗಲೆಯ ಕಟ್ಟೆಯಾಗಿತ್ತು. ಮೊದಲ ಗುಂಡಷ್ಟೇ ಅಲ್ಲ, ಎರಡನೆಯದೂ ಮೂರನೆಯದೂ ಅಲ್ಲಿಂದಲೇ ಹಾರಿದ್ದವು.

ರುಕ್ಮಿಣಿ ಕೈಗಳಲ್ಲಿ ಮುಖ ಮುಚ್ಚಿಕೊಂಡಳು. ಹಕ್ಕಿಗಳು ತಮ್ಮ ಮೈಮೇಲೆ ಬರೆದುಕೊಂಡು ಬಂದ ಸಾಕ್ಷಿ ಅದು. ಇಂದುಮತಿ ಪೊಲೀಸ್ ಠಾಣೆಗೆ ಫೋನ್ ಮಾಡಿದಳು.

ಇನ್‌ಸ್ಪೆಕ್ಟರ್ ನದಾಫ್ ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡರು. "ನಕ್ಷಾ ನನ್ನ ಮೊಬೈಲಿಗೆ ಹಾಕ್ರಿ ಮೇಡಂ. ಬಂಗಲೇದಾಗಿನವ್ರು ಇನ್ನೂ ಹೊಂಟಿಲ್ಲ, ಕಾರು ಅಲ್ಲೇ ನಿಂತಾವಂತ ಬೀಟಿನ ಪೊಲೀಸರು ಹೇಳ್ಯಾರ. ನಾ ಈಗ ಆ ಕಡೆ ಹೊಂಟೆ. ಆದ್ರ ಮೆರವಣಗಿ ಆಗಲೇ ಏರಿ ಹತ್ತಿ ಬಿಟ್ಟೈತಿ. ನನ್ನ ಕಡೆ ಅಲ್ಲೆ ಇಬ್ರು ಪೊಲೀಸರು ಅದಾರ ಅಷ್ಟ. ಜಿಲ್ಲಾದಿಂದ ಮಂದಿ ಬರೂತನಾ ಹೆಂಗರ ತಡೀರಿ."

ಅವರು ಹೊರಗೆ ಓಡಿಬಂದಾಗ ಹಲಗೆ ಬಾರಿಸುವ ಸದ್ದು ಕಿವಿಗೆ ಬಡಿಯಿತು. ಏರಿಯ ಉದ್ದಕ್ಕೂ ಜನ. ಮುಂದೆ ಕಪ್ಪು ಬಾವುಟ, ಹಿಮವ್ವನ ದೊಡ್ಡ ಚಿತ್ರ. ಹೆಂಗಸರು, ಮುದುಕರು, ಕಾಲೇಜು ಹುಡುಗರು. ಹೆಚ್ಚುಕಡಿಮೆ ಎಲ್ಲರ ಎದೆಯ ಮೇಲೂ ಪಟ್ಟಿಗಳಿದ್ದವು. ನಿನ್ನೆಯಿಂದ ಅವು ಸುಮ್ಮನಿದ್ದವು, ಆದರೂ ಯಾರೂ ಬಿಚ್ಚಿರಲಿಲ್ಲ. ಕೆಲವರ ಕೈಯಲ್ಲಿ ಬಡಿಗೆಗಳಿದ್ದವು. ಎಲ್ಲರಿಗಿಂತ ಮುಂದೆ ಚನ್ನವೀರ ಮಾಸ್ತರ ನಡೆಯುತ್ತಿದ್ದ. ಅತ್ತು ಅತ್ತು ಅವನ ಮುಖ ಊದಿತ್ತು.

"ಮಾಸ್ತರ, ನಿಂದರ್ರಿ!" ಇಂದುಮತಿ ಅಡ್ಡ ನಿಂತಳು. "ಹೊಡದವ್ರು ಓಣಿಯವ್ರಲ್ಲ. ನಮಗ ಸಿಕ್ಕೈತಿ. ಆಚೆ ದಂಡೀ ಬಂಗಲೇದಿಂದ ಹೊಡದಾರ."

ಮಾಸ್ತರ ಅವಳನ್ನು ನೋಡಿದ. ಆದರೆ ಹಲಗೆಯ ಅಬ್ಬರದಲ್ಲಿ ಅವಳ ಮಾತು ಅವನಿಗೆ ಮುಟ್ಟಿತೋ ಇಲ್ಲವೋ. "ನನ್ನ ಹುಡುಗೂರು ಊಟಾ ಬಿಟ್ಟಾವ್ರೀ," ಎಂದ ಒಡೆದ ದನಿಯಲ್ಲಿ. "ಒಂದನೇ ಕ್ಲಾಸಿನ ಹುಡುಗಿ ನನ್ನ ಕೇಳ್ತಾಳ, ಸರ್, ನಾನೂ ಸತ್ತೇನೇನು ಅಂತ. ಏನ ಹೇಳ್ಲಿ ನಾನು? ಬಾಜೂ ಸರೀರಿ ಮೇಡಂ." ಹಿಂದಿನಿಂದ ಜನ ನೂಕಿದರು. ಮೆರವಣಿಗೆ ಇಬ್ಬರನ್ನೂ ಬದಿಗೆ ತಳ್ಳಿ ಮುಂದೆ ಸಾಗಿತು. ಏರಿಯ ತುದಿಯಲ್ಲಿ ಓಣಿಯ ತಗಡಿನ ಸೂರುಗಳು ಕಾಣುತ್ತಿದ್ದವು.

ಕೆರೆಯ ನಡುವಿನ ಹಿಂಡು ಕತ್ತುಗಳನ್ನು ನೆಟ್ಟಗೆ ಮಾಡಿತ್ತು. ರುಕ್ಮಿಣಿ ಅತ್ತ ನೋಡಿದಳು, ತನ್ನ ಕೈಯಲ್ಲಿದ್ದ ಪುಟ್ಟ ಗಣಕವನ್ನು ನೋಡಿದಳು.

"ಮೇಡಂ, ಉಳದ ಹಕ್ಕಿಗಳ ಸಂಕೇತ ಮಂದಿಗೆ ಬಿಡ್ಲಿ?"

ಇಂದುಮತಿ ತಡವರಿಸಿದಳು. "ಬ್ಯಾಡ ರುಕ್ಮಿಣಿ. ಕೇಳದ ಮಂದಿ ಎದಿಯೊಳಗ ಕೈ ಹಾಕಿದಂಗ ಆಗ್ತೈತಿ. ನಿನ್ನಿ ಆಗಿದ್ದ ಸಾಕಾಗಿಲ್ಲೇನು?"

"ನಾವೇನೂ ಹಾಕೂದಿಲ್ರಿ. ಆ ಹಕ್ಕಿಗಳಿಗೆ ಈಗ ಏನ ಆಗಾಕ ಹತ್ತೈತಿ, ಅಷ್ಟ ಬಿಡ್ತೀವಿ. ಬ್ಯಾಡಾದವ್ರು ಬಿಚ್ಚಿ ಒಗೀತಾರ." ಅವಳು ಓಣಿಯತ್ತ ಬೆರಳು ಮಾಡಿದಳು. "ಅಲ್ಲಿ ನಮ್ಮವ್ವ ಅದಾಳ ಮೇಡಂ."

ಇಂದುಮತಿ ಒಪ್ಪಿ ತಲೆಯಾಡಿಸಿದಳು.

ಏರಿಯ ಮೇಲೆ ಒಮ್ಮೆಗೇ ಎಲ್ಲರ ಪಟ್ಟಿಗಳೂ ಜೀವ ತಳೆದವು. ಯಾರೋ "ಹಿಮವ್ವ!" ಎಂದು ಕೂಗಿದರು. ಆದರೆ ಇದು ಹಿಮವ್ವ ಅಲ್ಲವೆಂದು ಮರುಗಳಿಗೆಯೇ ಎಲ್ಲರಿಗೂ ತಿಳಿಯಿತು. ಒಂದಲ್ಲ, ಹಲವು ಎದೆಗಳು. ಎಲ್ಲವೂ ಹೆದರಿ ಬಡಿದುಕೊಳ್ಳುತ್ತಿದ್ದವು. ಓಡಬೇಕು, ಆದರೆ ಎಲ್ಲಿಗೆ? ರೆಕ್ಕೆಯ ಬುಡದಲ್ಲಿ ಬಿಗಿದುಕೊಂಡ ಸೆಳೆತ ಜನರ ಭುಜಗಳಲ್ಲಿ ಹಿಡಿಯಿತು. ಜನ ಗಲಿಬಿಲಿಗೊಂಡು ಸುತ್ತಲೂ ನೋಡಿದರು. ಬೇಟೆಗಾರ ಮತ್ತೆ ಬಂದಿದ್ದಾನೆಯೇ? ಎಲ್ಲಿ?

ಹಲಗೆಯ ಒಂದೊಂದು ಏಟಿಗೂ ಭಯ ಒಂದೊಂದು ಮೆಟ್ಟಿಲು ಏರುತ್ತಿತ್ತು.

ಅದನ್ನು ಮೊದಲು ಗುರುತಿಸಿದವನು ಹಲಗೆ ಬಾರಿಸುತ್ತಿದ್ದ ಯಮನಪ್ಪ. ಕೋಲು ಎತ್ತಿ ಹೊಡೆದ, ಎದೆ ಝಲ್ಲೆಂದಿತು. ಮತ್ತೊಮ್ಮೆ ಹೊಡೆದ, ಮತ್ತೆ ಝಲ್ಲೆಂದಿತು. ಅವನು ಕೋಲನ್ನು ಗಾಳಿಯಲ್ಲೇ ಹಿಡಿದು, ದೂರದ ನೀರಿನಲ್ಲಿ ತನ್ನ ಕಡೆಗೇ ತಿರುಗಿದ್ದ ಬಿಳಿ ತಲೆಗಳನ್ನು ನೋಡಿದ.

"ಎಲೋ, ಇವು ನಮಗ ಅಂಜಾಕ ಹತ್ಯಾವಲೋ!" ಎಂದ.

ಪಕ್ಕದವರು ಘೋಷಣೆ ನಿಲ್ಲಿಸಿದರು. ಅವರ ಹಿಂದಿನವರೂ ನಿಲ್ಲಿಸಿದರು. ಮೌನ ಏರಿಯ ಈ ತುದಿಯಿಂದ ಆ ತುದಿಗೆ ಹಬ್ಬಿತು. ಕೊನೆಗೆ ಚನ್ನವೀರ ಮಾಸ್ತರನ ದನಿಯೊಂದೇ ಉಳಿಯಿತು. ತನ್ನ ಕೂಗು ತನ್ನದೇ ಎದೆಗೆ ಗುದ್ದಿದ್ದನ್ನು ಕಂಡು ಅವನೂ ಬಾಯಿ ಮುಚ್ಚಿದ. ಯಾರದೋ ಕೈಯಿಂದ ಬಡಿಗೆ ಕಳಚಿ ಬಿತ್ತು. ಆ ಸದ್ದಿಗೂ ಸಾವಿರಾರು ಎದೆಗಳು ಒಮ್ಮೆ ಹಾರಿ ಇಳಿದವು. ಉಳಿದವರು ಬಡಿಗೆಗಳನ್ನು ಮಲಗಿದ ಕೂಸನ್ನು ಇಳಿಸುವಷ್ಟು ಮೆಲ್ಲಗೆ ನೆಲಕ್ಕಿಟ್ಟರು.

ಈಗ ಇಂದುಮತಿ ಕೂಗಬೇಕಾಗಿರಲಿಲ್ಲ. ಮಾಸ್ತರನ ಬಳಿ ಹೋಗಿ ನಕ್ಷೆ ತೋರಿಸಿ ಪಿಸುದನಿಯಲ್ಲಿ ಹೇಳಿದಳು. ಅವನು ಪಕ್ಕದವನಿಗೆ ಹೇಳಿದ. ಮಾತು ಬಾಯಿಂದ ಬಾಯಿಗೆ ಪಿಸುಗುಟ್ಟುತ್ತ ಹಿಂದಕ್ಕೆ ಸಾಗಿತು. ಅಷ್ಟರಲ್ಲಿ ಆಚೆ ದಂಡೆಯ ಬಂಗಲೆಯ ಮುಂದೆ ಪೊಲೀಸ್ ಜೀಪು ನಿಂತದ್ದು ಎಲ್ಲರಿಗೂ ಕಂಡಿತು. ಪೊಲೀಸರು ನಾಲ್ಕೈದು ಜನರನ್ನು ಹೊರಗೆ ಕರೆತಂದರು. ಉದ್ದನೆಯ ಚೀಲವೊಂದನ್ನೂ ಬಂದೂಕುಗಳನ್ನೂ ಜೀಪಿಗೆ ಹಾಕಿದರು. ನದಾಫ್ ಅವರ ಸಂದೇಶ ಇಂದುಮತಿಯ ಫೋನಿಗೆ ಬಂತು. ಒಳಗಿನ ಶೀತಪೆಟ್ಟಿಗೆಯಲ್ಲಿ ಗರಿ ಕಿತ್ತ ಹಕ್ಕಿಗಳು ಸಿಕ್ಕಿದ್ದವು. ಸಿಟ್ಟು ಜನರ ಮುಖದಲ್ಲಿ ಮತ್ತೆ ಏರಿತು. ಆದರೆ ಯಾರೂ ದನಿ ಎತ್ತಲಿಲ್ಲ. ದನಿ ಎತ್ತಿದರೆ ಏನಾಗುತ್ತದೆಂದು ಈಗ ಪ್ರತಿಯೊಬ್ಬರ ಚರ್ಮಕ್ಕೂ ಗೊತ್ತಿತ್ತು.

ಮಾಸ್ತರ ತಲೆ ತಗ್ಗಿಸಿ ರುಕ್ಮಿಣಿಯ ಎದುರು ನಿಂತ. "ತಂಗೀ, ನಾ ಏನ ಮಾಡಾಕ ಹೊಂಟಿದ್ದೆ..." ಎಂದು ತೊದಲಿದ.

"ನನಗಲ್ರಿ ಸರ್," ಎಂದಳು ಅವಳು. "ಬರ್ರಿ."

ಅವನೊಬ್ಬನೇ ಅವಳ ಜೊತೆ ಓಣಿಯವರೆಗೆ ನಡೆದ. ಅವಳು ಮುಚ್ಚಿದ್ದ ಬಾಗಿಲೊಂದನ್ನು ಬೆರಳ ತುದಿಯಿಂದ ತಟ್ಟಿ, ತಮ್ಮ ಮನೆಮಾತಿನಲ್ಲಿ ಏನೋ ಹೇಳಿದಳು. ಬಾಗಿಲು ತೆರೆದವಳು ಅವಳ ತಾಯಿ ಸಕ್ಕೂಬಾಯಿ. ಹಣೆಗೆ ಕಲ್ಲು ತಾಗಿದ ಗಾಯವಿತ್ತು. ಮಾಸ್ತರ ಕೈ ಮುಗಿದ. ಅವಳು ತಿರುಗಿ ಮುಗಿಯಲಿಲ್ಲ. ಅವನನ್ನು ದಾಟಿ, ಏರಿಯ ಮೇಲೆ ಉಸಿರು ಬಿಗಿಹಿಡಿದು ನಿಂತ ಅಷ್ಟೂ ಜನರನ್ನು ಬೆರಗಿನಿಂದ ನೋಡಿದಳು.

"ಯಾಕ ಎಲ್ಲಾರೂ ಹಿಂಗ ನಿಂತಾರ?"

ಉತ್ತರದ ಬದಲು ಮಾಸ್ತರ ತನ್ನ ಎದೆಪಟ್ಟಿ ಬಿಚ್ಚಿ ಅವಳ ಮುಂದೆ ಹಿಡಿದ. ಅವಳು ಮಗಳ ಮುಖ ನೋಡಿದಳು. ರುಕ್ಮಿಣಿ ಅದನ್ನು ತೆಗೆದುಕೊಂಡು ತಾಯಿಗೆ ಕಟ್ಟಿದಳು. ಮಗಳು ವರ್ಷಗಟ್ಟಲೆ ಕುಳಿತು ಮಾಡಿದ್ದು ಏನೆಂದು ಸಕ್ಕೂಬಾಯಿಯ ಮೈಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕೆರೆ ಈಗ ನಿಶ್ಶಬ್ದವಾಗಿತ್ತು. ಜನ ಇದ್ದಲ್ಲೇ ಕುಳಿತರು. ಭಯ ಇಳಿಯುವುದನ್ನು ಎಲ್ಲರೂ ತಮ್ಮ ಎದೆಯಲ್ಲೇ ಎಣಿಸುತ್ತಿದ್ದರು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಒತ್ತಿಕೊಂಡಿದ್ದ ಹಿಂಡು ಒಂದಿಷ್ಟು ಸಡಿಲವಾಯಿತು. ಒಂದು ಹಕ್ಕಿ ರೆಕ್ಕೆ ಕೊಡವಿತು. ಇನ್ನೊಂದು ನೀರು ಕುಡಿಯಿತು. ಆಮೇಲೆ, ಏರಿಗೆ ಎಲ್ಲಕ್ಕಿಂತ ಹತ್ತಿರವಿದ್ದ ಹಕ್ಕಿ ಕತ್ತನ್ನು ಹಿಂದಕ್ಕೆ ಹೊರಳಿಸಿ ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸಿತು.

ಸಕ್ಕೂಬಾಯಿ ಎದೆಯ ಒಂದು ಬದಿಯ ಮೇಲೆ ಕೈಯಿಟ್ಟುಕೊಂಡಳು. "ರುಕ್ಕೀ, ಇದೇನ? ಒಂದ ಕಡೆ ಎಲ್ಲಾ ತಣ್ಣಗಾತು. ಈ ಬಾಜೂ ಎಚ್ಚರ ಐತಿ, ಆ ಬಾಜೂ ಇಲ್ಲ."

"ನಿದ್ದಿ ಅವ್ವಾ," ಎಂದಳು ರುಕ್ಮಿಣಿ ಪಿಸುದನಿಯಲ್ಲಿ. "ಅವಕ್ಕ ಅರ್ಧಾ ಮೆದುಳಷ್ಟ ಮಲಗಸಾಕ ಬರ್ತೈತಿ. ಒಂದ ಕಣ್ಣ ತಗದಿಟ್ಟು ಕಾಯ್ತಾವ. ನಂಬಿಗಿ ಬಂದ್ರ ಆ ಕಣ್ಣೂ ಮುಚ್ತಾವ."

ಸುದ್ದಿ ಪಿಸುಮಾತಿನಲ್ಲಿ ಏರಿಯುದ್ದಕ್ಕೂ ಹರಿಯಿತು. ಯಾರೂ ಅಲುಗಾಡಲಿಲ್ಲ. ಕೆಮ್ಮು ಬಂದವರು ಸೆರಗು, ಟವೆಲು ಬಾಯಿಗೆ ಒತ್ತಿಕೊಂಡರು. ನಿನ್ನೆಯಷ್ಟೇ ಗುಂಡು ತಿಂದ ಹಿಂಡು, ಸಾವಿರಾರು ಮನುಷ್ಯರ ಕಣ್ಣೆದುರು, ಒಂದೊಂದಾಗಿ ಕೊಕ್ಕುಗಳನ್ನು ಗರಿಗಳಲ್ಲಿ ಹುದುಗಿಸತೊಡಗಿತು. ಎದೆಯ ಎಚ್ಚರದ ಬದಿ ಬಹಳ ಹೊತ್ತು ಮಿಡಿಯುತ್ತಲೇ ಇತ್ತು. ಕಾದಿತು, ಅನುಮಾನಿಸಿತು, ಮತ್ತೆ ಕಾದಿತು. ಆಮೇಲೆ ಅದೂ ಮೆಲ್ಲಗೆ, ಅಲೆ ಮರಳಿಗೆ ಇಳಿದಂತೆ, ತಣ್ಣಗಾಯಿತು.

"ಆ ಕಣ್ಣೂ ಮುಚ್ತು," ಎಂದಳು ಸಕ್ಕೂಬಾಯಿ.